ತರಗೆಲೆಯ ಹೊದಿಕೆ

ಅಂಗಳದ ಗಿಡದ ಬುಡದಿಂದ ಬೊಗಸೆ ತುಂಬ ತರಗೆಲೆ ತೆಗೆದು ಹಿಡಿದಿದ್ದ ಮೈದುನ, ಅತ್ತಿಗೆಯನ್ನು ಕಂಡು ಕಳ್ಳನ ಹಾಗೆ ನಿಂತುಬಿಟ್ಟ. ಆ ಬೆಳಿಗ್ಗೆ ಚಳಿ ಜಾಸ್ತಿಯೆಂದು ಅವಳೂ ಒಂದು ಬುಟ್ಟಿ ತರಗೆಲೆ ತಂದಿದ್ದಳು. "ಓಹೋ, ನೀನೇನಾ! ನಾನು ದಿನಾ ಸಂಜೆ ಮುಚ್ಚೋದು, ಮಾರನೇ ಸಂಜೆ ನೋಡಿದ್ರೆ ಮಣ್ಣು ಬೋಳು. ಪಾಪ, ಆ ಬೆಕ್ಕಿಗೆ ಎಷ್ಟು ಶಾಪ ಹಾಕಿದೀನೋ!"

"ದಿನಾ ಬೆಳಿಗ್ಗೆ ತೆಗೀತಿದ್ದೆ, ಮಾರನೇ ಬೆಳಿಗ್ಗೆ ಮತ್ತೆ ಎಲೆ! ನಾನು ಗಾಳೀನ ಬೈತಿದ್ದೆ ಅತ್ತಿಗೆ. ಎಲೆ ತೆಗಿ, ಇಲ್ಲಾಂದ್ರೆ ಗೆಡ್ಡೆ ಕೊಳೆಯುತ್ತೆ ಅಂತ ಅಣ್ಣನೇ ಹೇಳಿದ್ದ."

"ನಂಗೆ ಮುಚ್ಚು ಅಂದಿದ್ರಲ್ಲೋ! ಹಿಮಕ್ಕೆ ಸಾಯುತ್ತೆ ಅಂತ."

ಇಬ್ಬರ ಮಾತೂ ಸುಳ್ಳಲ್ಲ. ಅವಳಿಗೆ ಹೇಳಿದ್ದು ಚಳಿಗಾಲದ ಹೊಸ್ತಿಲಲ್ಲಿ, ತಮ್ಮನಿಗೆ ಹೇಳಿದ್ದು ಯಾವುದೋ ಬಿಸಿಲಿನ ದಿನ. ಹಗಲು ಬಿಸಿಲು, ರಾತ್ರಿ ಹಿಮ ಇರುವ ಇಂಥ ದಿನಗಳಿಗೆ ಏನೆಂದು ಹೇಳುವ ಮೊದಲೇ ಅವನು ತೀರಿಹೋಗಿದ್ದ. ಅವನು ಕೈಯಾರೆ ನೆಟ್ಟದ್ದೆಂದು ಉಳಿದದ್ದು ಅಂಗಳದ ಮಣ್ಣಲ್ಲಿ ಬೆಳೆಯುವ ಈ ಒಂದೇ ಆರ್ಕಿಡ್ ಹೂಗಿಡ. ಅದೂ ಚಳಿಗೆ ಎಲೆಯೆಲ್ಲ ಉದುರಿಸಿ ಮಣ್ಣೊಳಗೆ ಸೇರಿಕೊಂಡಿತ್ತು.

"ಇಬ್ಬರೂ ಸೇರಿ ಕೊಂದೇಬಿಟ್ವಾ?" ಎನ್ನುತ್ತ ಅವಳು ಕುಕ್ಕರುಗಾಲಲ್ಲಿ ಕೂತು, ಕೊನೆಯ ಎಲೆಗಳನ್ನು ಬೆರಳಲ್ಲಿ ಸರಿಸಿದಳು. ಗಿಳಿಯ ಕೊಕ್ಕಿನಂಥ ಹಸಿರು ಮೊಳಕೆಯೊಂದು ಮಣ್ಣು ಸೀಳಿಕೊಂಡು ನಿಂತಿತ್ತು. ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಹಾಗಾದ್ರೆ ತಪ್ಪು ಮಾಡಿದ್ದು ಯಾರೋ?"

ಮೈದುನ ಕೈಯಲ್ಲಿದ್ದ ಎಲೆಗಳನ್ನು ನೋಡಿದ, ಮೊಳಕೆಯನ್ನು ನೋಡಿದ. "ಅದೇ ನಂಗೂ ಗೊತ್ತಾಗ್ತಿಲ್ಲ ಅತ್ತಿಗೆ."

ಅವಳು ಬುಟ್ಟಿಯನ್ನು ಅಲ್ಲೇ ಗೋಡೆಗೆ ಒರಗಿಸಿಟ್ಟು ಎದ್ದಳು. "ಸರಿ, ಬೆಳಿಗ್ಗೆ ನೀನು ತೆಗೀತಿರು. ಸಂಜೆ ಮುಚ್ಚೋಕೆ ನಾನು ಬರ್ತೀನಿ."