ಗಂಡನ ಕಾಲಂ

"ಇಲ್ಲೊಂದು ಸಹಿ ಹಾಕಿ ರೀ," ಅಂತ ಭಾನುವಾರ ಬೆಳಿಗ್ಗೆ ರತ್ನಪ್ರಭಾ ಗಂಡನ ಮುಂದೆ ಎರಡು ಹಾಳೆ ಚಾಚಿದ್ದೇ ತಪ್ಪಾಯ್ತು. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಫೈಲುಗಳನ್ನ ಅರೆದು ಕುಡಿದ ಸೆಕ್ಷನ್ ಆಫೀಸರ್ ಚಿದಂಬರ, ಓದದೆ ಸಹಿ ಹಾಕಿದ್ದು ಜೀವನದಲ್ಲಿ ಒಂದೇ ಸಲ, ಅದೂ ಮದುವೆ ರಿಜಿಸ್ಟರಿನಲ್ಲಿ. ಅವರು ಕನ್ನಡಕ ಏರಿಸಿದ್ರು.

"ಏನಿದು?"

"ನಮ್ಮ ಎಂ.ಎ. ಅಸೈನ್‌ಮೆಂಟು. ಮನೇಲಿ ಯಾರು ಯಾವ ಕೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಕೊಡ್ತಾರೆ ಅನ್ನೋ ಪಟ್ಟಿ. ಒಂದು ವಾರ ನೋಡಿ ನೋಡಿ ಬರೆದಿದೀನಿ. ಮನೆಯವರು ಒಪ್ಪಿ ಸಹಿ ಹಾಕ್ಬೇಕು, ನಾಳೆ ಹನ್ನೊಂದಕ್ಕೆ ಕೊಡ್ಬೇಕು. ಸಹಿ ಬರೀ ಶಾಸ್ತ್ರಕ್ಕೆ."

"ಸಮಾಜಶಾಸ್ತ್ರಕ್ಕೆ," ಅಂದ್ಲು ದಿವಾನದ ಮೇಲೆ ಬಿದ್ಕೊಂಡಿದ್ದ ಮಗಳು ಅಮೂಲ್ಯ, ಫೋನಿಂದ ಕಣ್ಣೆತ್ತದೆ.

ಐವತ್ತೆರಡನೇ ವಯಸ್ಸಿಗೆ ಕಾಲೇಜು ಬ್ಯಾಗು ಹೆಗಲಿಗೇರಿಸಿದ ರತ್ನಪ್ರಭಾಗೆ, ಈ ಕಾಗದಕ್ಕೆ ಸಹಿ ಬೀಳದಿದ್ರೆ ಇಪ್ಪತ್ತೈದು ಮಾರ್ಕ್ಸು ಖೋತಾ. ಇಷ್ಟು ವರ್ಷ ಅವರು ಸಹಿಸಿದ್ದರ ಮುಂದೆ ಗಂಡನದೊಂದು ಸಹಿ ಯಾವ ಮಹಾ. ಆದ್ರೆ ಚಿದಂಬರ ಆಗಲೇ ಪೈಜಾಮಾ ಜೇಬಿಂದ ಪೆನ್ನು ತೆಗೆದಾಗಿತ್ತು. ದೆಹಲಿಯ ಸರೋಜಿನಿ ನಗರದ ಆ ಸರ್ಕಾರಿ ಕ್ವಾರ್ಟರ್ಸಿನ ಹಾಲ್ ಒಂದೇ ನಿಮಿಷದಲ್ಲಿ ಅವರ ಆಫೀಸಿನ ಸೆಕ್ಷನ್ ಆಯ್ತು.

"ಅಡುಗೆ, ಪಾತ್ರೆ, ಗುಡಿಸೋದು. ಹೆಂಡತಿ, ಆರೂವರೆ ಗಂಟೆ. ಸರಿ. ಗಂಡ, ನಲವತ್ತೈದು ನಿಮಿಷ." ಪೆನ್ನು ನಿಂತ್ಕೊಳ್ತು. "ಯಾರು ಈ ಗಂಡ?"

"ನೀವೇ."

"ಆಧಾರ ಏನು?"

"ಮಂಗಳವಾರ ಕಾಫಿ ಲೋಟ ನೀವೇ ಸಿಂಕಿಗೆ ಇಟ್ರಿ."

"ಅದಕ್ಕೆ ನಲವತ್ತೈದು ನಿಮಿಷಾನಾ?"

"ಟ್ರಾಫಿಕ್ ಇತ್ತೇನೋ ಪಪ್ಪಾ," ಅಂದ್ಲು ಅಮೂಲ್ಯ. "ಹಾಲ್ ಸೇ ಕಿಚನ್ ತಕ್ ಫುಲ್ ಜಾಮ್."

ರತ್ನಪ್ರಭಾ ಮೇಜಿನ ಮೇಲೆ ಇಲ್ಲದ ಧೂಳು ಒರೆಸಿದ್ರು. "ಹೋದ ಶುಕ್ರವಾರ ಕ್ಲಾಸಲ್ಲಿ ಧಾರಿಣಿ ಅಂತ ಒಬ್ಳು ಹುಡುಗಿ ಅವರಪ್ಪಂದು ಸೊನ್ನೆ ಅಂತ ಓದಿದ್ಲು. ಎಲ್ರೂ ಬಿದ್ದು ಬಿದ್ದು ನಕ್ರು. ಊರು ಬಿಟ್ಟು ಬಂದು ಮುನಿರ್ಕಾದಲ್ಲಿ ರೂಂ ಮಾಡ್ಕೊಂಡಿರೋ ಮಕ್ಕಳು, ಅವಳಪ್ಪನ್ನ ಯಾರೂ ನೋಡಿಲ್ಲ, ನಕ್ಕೊಳ್ಳಿ ಬಿಡಿ. ನಿಮ್ದು ಹಾಗಲ್ವಲ್ಲ. ದಿನಾ ಗೇಟಿನ ಹತ್ರ ಸ್ಕೂಟರಲ್ಲಿ ಬಿಟ್ಟು ಹೋಗ್ತೀರಿ, ಹೆಲ್ಮೆಟ್ ಅಂಕಲ್ ಅಂತ ಹೆಸರೇ ಇಟ್ಟಿದಾವೆ. ನಿಮ್ಮನ್ನ ನೋಡಿ ನಗೋದು ಬೇಡ ಅಂತ..."

"ಅಂತ ದಾಖಲೆ ತಿದ್ದಿದೀಯ."

"ತಿದ್ದೋದೇನು ಬಂತು. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದ್ರೆ ನಿಂಬೆಹಣ್ಣು ಹಿಂಡಲ್ವಾ, ಹಾಗೆ."

"ನನ್ನ ಮೇಜಿಂದ ಇವತ್ತಿನವರೆಗೂ ಒಂದು ಸುಳ್ಳು ಕಾಗದ ದಾಟಿಲ್ಲ ಕಣೇ," ಅಂದ್ರು ಚಿದಂಬರ. ದನಿ ಏರಿರಲಿಲ್ಲ. ನಲವತ್ತೈದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ್ರು. ಮೇಲೆ ಸೊನ್ನೆ ಬರೆದ್ರು, ದುಂಡಗೆ. ಪಕ್ಕದಲ್ಲಿ ಇನಿಷಿಯಲ್, ಅದರ ಕೆಳಗೆ ತಾರೀಕು. ಆಫೀಸಲ್ಲಿ ಬೇರೆಯವರ ತಪ್ಪಿಗೆ ಮಾಡೋ ಮರ್ಯಾದೆಯನ್ನೆಲ್ಲ ತಮ್ಮ ತಪ್ಪಿಗೂ ಮಾಡಿದ್ರು.

"ನಾಳೆ ಎಲ್ರೂ ನಗ್ತಾರೆ ರೀ."

"ನಗ್ಲಿ. ನಾನು ಹೆಲ್ಮೆಟ್ ಹಾಕಿರ್ತೀನಲ್ಲ."

ಮಿಕ್ಕ ಸಾಲುಗಳ ಮೇಲೆ ಪೆನ್ನು ಇಳೀತಾ ಹೋಯ್ತು. ಬಟ್ಟೆ, ಸರಿ. ತರಕಾರಿ, ಸರಿ. ಟೀವಿ, ಗಂಡ ಎರಡೂಮುಕ್ಕಾಲು ಗಂಟೆ. ಒಂದು ಸಲ ಗಂಟಲು ಸರಿಮಾಡ್ಕೊಂಡು, ಸರಿ. ಕೊನೇ ಸಾಲಿಗೆ ಬಂದಾಗ ಓದೋ ದನಿ ಅರ್ಧಕ್ಕೇ ಮೆಲ್ಲಗಾಯ್ತು.

"ಗಂಡ ಹೆಂಡತಿ ಕೂತು ಮಾತಾಡೋದು. ದಿನಕ್ಕೆ... ಒಂದು ಗಂಟೆ."

ಚಿದಂಬರ ಕನ್ನಡಕದ ಮೇಲಿಂದ ಹೆಂಡತಿಯನ್ನ ನೋಡಿದ್ರು.

"ಇದೂ ಕ್ಲಾಸಲ್ಲಿ ನಗ್ತಾರೆ ಅಂತಾನಾ?"

"ಇಲ್ಲ," ಅಂದ್ರು ರತ್ನಪ್ರಭಾ. "ಅದು ಕ್ಲಾಸಿಗೋಸ್ಕರ ಬರೆದಿದ್ದಲ್ಲ."

ಅಮೂಲ್ಯ ಈಗ ಫೋನಿಂದ ಕಣ್ಣೆತ್ತಿದ್ಲು. ಅಮ್ಮನ್ನ ನೋಡಿದ್ಲು, ಅಪ್ಪನ್ನ ನೋಡಿದ್ಲು. "ಚಲೋ, ನಾನು ಹಾಲು ತಂದ್ಬಿಡ್ತೀನಿ," ಅಂತ ಚಪ್ಪಲಿ ಮೆಟ್ಟಿ ಹೊರಟೇಬಿಟ್ಲು. ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲಿತ್ತು.

ಪೆನ್ನು ಆ ಒಂದು ಗಂಟೆಯ ಮೇಲೆ ತುಂಬಾ ಹೊತ್ತು ನಿಂತಿತ್ತು. ಒಂದು ಗೆರೆ ಎಳೆದಿದ್ರೆ ಮುಗೀತಿತ್ತು. ಚಿದಂಬರ ಪೆನ್ನಿನ ಕ್ಯಾಪು ಹಾಕಿದ್ರು.

"ಇದನ್ನ ಹೊಡೆದು ಹಾಕಲ್ಲ. ಪೆಂಡಿಂಗ್ ಇರ್ಲಿ. ಸಹಿ ನಾಳೆ ಬೆಳಿಗ್ಗೆ."

ಇಷ್ಟೊತ್ತೂ ತನ್ನ ಪಾಡಿಗೆ ಓಡ್ತಿದ್ದ ಟೀವಿ ಆಫ್ ಮಾಡಿ, ಕುರ್ಚಿ ಎಳ್ಕೊಂಡು ಹೆಂಡತಿ ಎದುರಿಗೆ ಕೂತ್ರು. ಕೂತ ಮೇಲೆ ಗೊತ್ತಾಯ್ತು, ಮುಂದಿನ ಕ್ರಮ ಏನು ಅಂತ ಯಾವ ಸುತ್ತೋಲೆಯಲ್ಲೂ ಇಲ್ಲ. "ಇವತ್ತು ಹವಾ ಸ್ವಲ್ಪ ವಾಸಿ," ಅಂದ್ರು. "ಹೂಂ, ಹೊಗೆ ಕಮ್ಮಿ," ಅಂದ್ರು ರತ್ನಪ್ರಭಾ. ಅಲ್ಲಿಗೆ ಒಂದು ನಿಮಿಷ ಆಯ್ತು. ಇನ್ನು ಐವತ್ತೊಂಬತ್ತು.

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗ್ತು. ಅಭ್ಯಾಸಬಲದಿಂದ ಏಳೋಕೆ ಹೋದ ರತ್ನಪ್ರಭಾನ ಚಿದಂಬರ ಕೈಸನ್ನೆ ಮಾಡಿ ಕೂರಿಸಿದ್ರು. ತಾವೇ ಎದ್ರು. ಅಡುಗೆಮನೆ ಬಾಗಿಲವರೆಗೂ ಗತ್ತಿಂದ ನಡೆದು ಅಲ್ಲೇ ನಿಂತ್ರು. ಒಲೆ ಕಡೆ ನೋಡಿದ್ರು, ತಿರುಗಿ ಹೆಂಡತಿ ಕಡೆ ನೋಡಿದ್ರು.

"ಎಷ್ಟು ಕೂಗು ಆದ್ಮೇಲೆ ಆರಿಸ್ತೀಯ ನೀನು?"