ಫುಲ್‌ಬ್ಯಾಕ್ ದ್ರೋಣಾಚಾರ್ಯರು

ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ಆತ ಹೆಸರಾಂತ ಫುಲ್‌ಬ್ಯಾಕ್, ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವ. ಚೆಂಡು ದಾಟಿದರೂ ಆಳು ದಾಟುತ್ತಿರಲಿಲ್ಲ. ಮಂಡಿ ಸೋತ ಮೇಲೆ ಊರೂರು ತಿರುಗಿ, ವರ್ಷಕ್ಕೊಂದು ತಂಡಕ್ಕೆ ಆಟ ಕಲಿಸತೊಡಗಿದ. ಈ ಸಲ ಗಿರಣಿ ತಂಡದ ಸರದಿ. ಹೋದ ವರ್ಷ ಗೆದ್ದ ಕಪ್ ಕೈಬಿಟ್ಟರೆ ಕಾರ್ಯದರ್ಶಿ ಪುಟ್ಟಸ್ವಾಮಯ್ಯ ಮಾಲೀಕರಿಗೆ ಮುಖ ತೋರಿಸುವಂತಿರಲಿಲ್ಲ.

ಮೊದಲ ಪಂದ್ಯದಲ್ಲೇ ಹನ್ನೊಂದು ಜನವೂ ತಮ್ಮ ಗೋಲಿನ ಮುಂದೆ ಗೋಡೆಯಂತೆ ನಿಂತು ಐದು ಗೋಲು ತಿಂದರು. ಪುಟ್ಟಸ್ವಾಮಯ್ಯ ಆತನ ಮೇಲೆ ಹರಿಹಾಯ್ದರು.

“ಏನ್ರೀ, ಗೋಲು ಹೊಡೆಯೋದು ಹೇಳಿಕೊಡಲೇ ಇಲ್ವಾ?”

“ನಾನೇ ಜನ್ಮದಲ್ಲಿ ಒಂದೂ ಹೊಡೆದಿಲ್ಲವಲ್ಲ ಸ್ವಾಮಿ!”

ಅಷ್ಟರಲ್ಲಿ ಗೆದ್ದ ರೈಲ್ವೆ ತಂಡದವರು ಓಡಿಬಂದು ಆತನ ಕಾಲಿಗೆ ಬಿದ್ದರು. ಹೋದ ವರ್ಷ ಅವರಿಗೆ ಆತನೇ ಗುರು. ಪುಟ್ಟಸ್ವಾಮಯ್ಯ ರೈಲ್ವೆ ತಂಡದ ಕಾರ್ಯದರ್ಶಿಯನ್ನು ಪಕ್ಕಕ್ಕೆಳೆದರು.

“ಸಾಕ್ಷಾತ್ ದ್ರೋಣಾಚಾರ್ಯರು ಅಂತ ಹಾರ ಹಾಕಿ ನಮ್ಮಲ್ಲಿಗೆ ಕಳಿಸಿದ್ದು ನೀವೇ ಅಲ್ವೇನ್ರೀ?”

“ಮತ್ತೆ? ಹೋದ ವರ್ಷ ನಾವು ನಿಮ್ಮ ಕೈಲಿ ಸೋತಿದ್ವಲ್ಲ!”

ಪುಟ್ಟಸ್ವಾಮಯ್ಯ ತಕ್ಷಣ ದೊಡ್ಡದೊಂದು ಹಾರ ತರಿಸಿ ಆತನ ಕೊರಳಿಗೆ ಹಾಕಿದರು. ಈ ಸಲ ಕಪ್ ಗೆಲ್ಲುವ ಲಕ್ಷಣವಿದ್ದ ಪೊಲೀಸ್ ತಂಡದ ಕಾರ್ಯದರ್ಶಿಯ ಮುಂದೆ ಆತನನ್ನು ಕರೆದೊಯ್ದು, ಕಣ್ಣೊರೆಸಿಕೊಂಡರು.

“ನಮ್ಮ ದ್ರೋಣಾಚಾರ್ಯರು ಸ್ವಾಮಿ. ಮನಸ್ಸಿಲ್ಲದ ಮನಸ್ಸಿನಿಂದ ನಿಮಗೆ ಬಿಟ್ಟುಕೊಡ್ತಿದ್ದೀವಿ.”