ಪರೀಕ್ಷೆಗೆ ಸತ್ತ ಗಂಡ

“ನಿಮ್ಮ ಯಜಮಾನರು ತೀರಿಕೊಂಡರು” ಎಂಬ ಒಂದು ಮಾತು ಹೇಳಲು ವೈದ್ಯಕೀಯ ವಿದ್ಯಾರ್ಥಿ ‘ಗಡಿಬಿಡಿ’ಗೆ ಹತ್ತು ನಿಮಿಷ ಕೊಟ್ಟಿದ್ದರು. ಕಳೆದ ಸಲ ಇದೇ ಪರೀಕ್ಷೆಯಲ್ಲಿ ಅವನು ಅದನ್ನು ಒಂದೇ ಉಸಿರಿಗೆ ಮುಗಿಸಿ, “ಇಲ್ಲೊಂದು ಸಹಿ ಹಾಕಿ ಅಮ್ಮ” ಎಂದು ಪೆನ್ನು ಚಾಚಿ ನಪಾಸಾಗಿದ್ದ. ಸಹಪಾಠಿಗಳು ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಡಾಕ್ಟರಾಗಲು ಉಳಿದಿದ್ದುದು ಇದೊಂದೇ ಅಡ್ಡಿ. ಅತ್ತ ಅಪ್ಪ ಮಗನ ಹೆಸರಿನ ಮುಂದೆ ‘ಡಾ.’ ಸೇರಿಸಿ ಬೋರ್ಡು ಬರೆಸಿ ಬಾಗಿಲಿಗೆ ಹೊಡೆಸಿಯೂ ಆಗಿತ್ತು. ಅಕ್ಕಪಕ್ಕದವರು ಆಗಲೇ ಮೊಣಕಾಲು ನೋವು ಹಿಡಿದುಕೊಂಡು ಬಂದು ವಿಚಾರಿಸುತ್ತಿದ್ದರು.

ಎದುರಿನ ಕುರ್ಚಿಯಲ್ಲಿ ‘ಹೆಂಡತಿ’ ಕೂತಿದ್ದರು. ನಾಟಕ ತಂಡವೊಂದರ ಹಿರಿಯ ನಟಿ. ರೋಗಿಯ ಮನೆಯವರ ಪಾತ್ರ ಮಾಡಲು ಕಾಲೇಜಿನವರು ಕರೆಸಿದ್ದರು. ಮೂಲೆಯ ಮೇಜಿನ ಹಿಂದೆ ಪ್ರೊಫೆಸರು, ಕೈಯಲ್ಲಿ ಅಂಕಪಟ್ಟಿ. ವಾರವಿಡೀ ಉರುಹೊಡೆದದ್ದನ್ನು ಗಡಿಬಿಡಿ ಮನಸ್ಸಿನಲ್ಲೇ ತಿರುವಿಹಾಕಿದ. ಕೂರಬೇಕು. ಹೆಸರು ಹೇಳಬೇಕು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು, ಮಾತಿನ ನಡುವೆ ಬಿಡುವು ಕೊಡಬೇಕು. ಅತ್ತರೆ ಟಿಶ್ಯೂ ಡಬ್ಬಿ ಮುಂದೆ ಸರಿಸಬೇಕು.

ಕೂತ. ಹೆಸರು ಹೇಳಿದ, ಆದರೆ ತನ್ನದಲ್ಲ, ಪ್ರೊಫೆಸರರದು. ಮೂಲೆಯಿಂದ ಕೆಮ್ಮು ಕೇಳಿಸಿತು. ತಿದ್ದಿಕೊಂಡು ಕಣ್ಣಲ್ಲಿ ಕಣ್ಣಿಟ್ಟ. ಎಷ್ಟು ಶ್ರದ್ಧೆಯಿಂದ ಇಟ್ಟನೆಂದರೆ, ರೆಪ್ಪೆ ಬಡಿಯುವುದನ್ನೇ ಮರೆತು ಅವನ ಕಣ್ಣಲ್ಲೇ ಮೊದಲು ನೀರು ಬಂತು.

“ಅಮ್ಮ, ನಾವು ತುಂಬ ಪ್ರಯತ್ನ ಪಟ್ವಿ,” ಎಂದ. ಬಿಡುವು ಕೊಟ್ಟ. “ಆದ್ರೆ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ನಿಮ್ಮ ಯಜಮಾನ್ರು ತೀರಿಕೊಂಡ್ರು.”

ನಟಿ ಚೀರಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಗಡಿಬಿಡಿ ಟಿಶ್ಯೂ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಗೋಲ್‌ಕೀಪರಿನಂತೆ ಕಾದ. ಅಳು ಬರಲಿಲ್ಲ. ಆಕೆ ತಲೆಯೆತ್ತಿ ಕೇಳಿದರು:

“ಹೋಗೋಕ್ ಮುಂಚೆ ಏನಾದ್ರೂ ತಿಂದ್ರಾ ಅವ್ರು?”

ಗಡಿಬಿಡಿ ಉರುಹೊಡೆದದ್ದರಲ್ಲಿ ಇದಿರಲಿಲ್ಲ.

“ನಿನ್ನೆ ನನ್ನ ಜೊತೆ ಜಗಳ ಆಡಿ, ತಟ್ಟೆ ಬಿಟ್ಟು ಎದ್ದುಹೋದ್ರು. ಹಸಿವು ತಡ್ಕೊಳ್ಳೋ ಜೀವ ಅಲ್ಲ ಅದು. ಇಲ್ಲಿ ಯಾರಾದ್ರೂ ಏನಾದ್ರೂ ಕೊಟ್ರಾ?”

ಆ ಮನುಷ್ಯ ಮುಖ ಊದಿಸಿಕೊಂಡು, ಖಾಲಿ ಹೊಟ್ಟೆಯಲ್ಲಿ ಮಂಚದ ಮೇಲೆ ಮಲಗಿದ್ದು ಗಡಿಬಿಡಿಯ ಕಣ್ಣಿಗೆ ಕಟ್ಟಿಬಿಟ್ಟಿತು. “ನಂಗೊತ್ತಿಲ್ಲಮ್ಮ. ಒಂದ್ನಿಮಿಷ ಇರಿ, ಕೇಳ್ಕೊಂಡು ಬರ್ತೀನಿ,” ಎಂದವನೇ ಎದ್ದು, ಬಾಗಿಲು ತೆಗೆದು ಹೊರಗೆ ನಡೆದ.

ಕಾರಿಡಾರಿನಲ್ಲಿ ಸರದಿಗೆ ಕಾದು ಕೂತವರೆಲ್ಲ ಕತ್ತು ಉದ್ದ ಮಾಡಿದರು. ಟ್ರೇ ಹಿಡಿದು ಹೋಗುತ್ತಿದ್ದ ನರ್ಸನ್ನು ಗಡಿಬಿಡಿ ಅಡ್ಡಗಟ್ಟಿದ.

“ಸಿಸ್ಟರ್, ಆ ಪೇಷಂಟು ಏನಾದ್ರೂ ತಿಂದಿದ್ರಾ?”

“ಯಾವ ಪೇಷಂಟು?”

“ಅದೇ, ಈಗ ತೀರಿಕೊಂಡ್ರಲ್ಲ...” ಎನ್ನುವಷ್ಟರಲ್ಲಿ ಅವನಿಗೆ ಹೊಳೆಯಿತು: ಸಾಯಬೇಕಾದರೆ ಮನುಷ್ಯ ಮೊದಲು ಹುಟ್ಟಿರಬೇಕು.

ನರ್ಸು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮೊದ್ಲು ನೀವು ಹೋಗಿ ಏನಾದ್ರೂ ತಿನ್ನಿ ಡಾಕ್ಟ್ರೇ,” ಎಂದು ಮುಂದೆ ಹೋದಳು.

ಗಡಿಬಿಡಿ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದು ಕೂತ. ಕಣ್ಣಲ್ಲಿ ಕಣ್ಣಿಡುವ ಧೈರ್ಯ ಉಳಿದಿರಲಿಲ್ಲ. “ಕೇಳ್ದೆ ಅಮ್ಮ. ಯಾರಿಗೂ ಗೊತ್ತಿಲ್ಲ. ನಾನಾದ್ರೂ ನೋಡ್ಕೋಬೇಕಿತ್ತು, ನೋಡ್ಲಿಲ್ಲ,” ಎಂದ. ನಟಿಗೆ ಅಳು ಬಂದೇಬಿಟ್ಟಿತು. ಅವನಿಗೆ ಡಬ್ಬಿಯ ನೆನಪೇ ಇಲ್ಲ. ಆಕೆಯೇ ಕೈ ಚಾಚಿ ಎಳೆದುಕೊಂಡರು.

ಗಂಟೆ ಹೊಡೆಯಿತು. ಪ್ರೊಫೆಸರು ಪೆನ್ನು ಕೆಳಗಿಟ್ಟರು. “ಪರೀಕ್ಷೆ ಮಧ್ಯದಲ್ಲಿ ಎದ್ದು ಓಡಿದವರನ್ನ ನಾನಂತೂ ಇವತ್ತೇ ನೋಡಿದ್ದು. ಅಂಥ ಪೇಷಂಟೇ ಇಲ್ಲ ಅನ್ನೋದು ಮರೆತುಹೋಯ್ತಾ?”

“ಹೌದು ಸರ್. ಅವ್ರು ಹಾಗೆ ಕೇಳಿದ ಕೂಡ್ಲೇ ಮರೆತುಹೋಯ್ತು.”

“ಇದಕ್ಕೆ ನಾನು ಎಲ್ಲಿಂದ ತಂದು ಅಂಕ ಕೊಡ್ಲಿ ಮಾರಾಯ?”

ನಟಿ ಮೂಗು ಒರೆಸಿಕೊಂಡರು. “ಸರ್, ಬೆಳಿಗ್ಗೆಯಿಂದ ಒಬ್ಬರಾದ ಮೇಲೆ ಒಬ್ಬರು ನನ್ನ ಗಂಡನ್ನ ಸಾಯಿಸ್ತಾನೇ ಇದ್ದಾರೆ. ಎಲ್ಲರನ್ನೂ ಇದೇ ಕೇಳ್ದೆ. ಎಲ್ರೂ ‘ನಿಮ್ಮ ದುಃಖ ಅರ್ಥ ಆಗುತ್ತೆ’ ಅಂತ ಡಬ್ಬಿ ತಳ್ಳಿದ್ರು. ಎದ್ದು ಹೋಗಿ ಕೇಳಿದ್ದು ಈ ಮಹಾನುಭಾವ ಒಬ್ನೇ.”

ಪ್ರೊಫೆಸರು ಅಂಕಪಟ್ಟಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. ಕೊನೆಗೆ ಅಂಚಿನಲ್ಲಿ ಏನೋ ಗೀಚಿ, “ಪಾಸು. ಇನ್ನು ನಿಜವಾಗ್ಲೂ ಹೊರಗೆ ಹೋಗು,” ಎಂದರು.

ಹೊರಗೆ ಬಂದದ್ದೇ ತಡ, ಎಲ್ಲರೂ ಮುತ್ತಿಕೊಂಡರು. ಸಂತೋಷದಲ್ಲಿ ಗಡಿಬಿಡಿಯ ನಾಲಿಗೆಗೆ ಲಗಾಮು ಇರಲಿಲ್ಲ. ನರ್ಸು, ನಟಿ, ಅಂಚಿನಲ್ಲಿ ಬಿದ್ದ ಅಂಕ, ಒಂದನ್ನೂ ಬಿಡದೆ ಹೇಳಿದ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಕೇಳಿದವಳು ಒಬ್ಬಳೇ: ಎಲ್ಲ ವಿಷಯದಲ್ಲೂ ಮೊದಲು ಬರುವ, ಎಲ್ಲರೂ ‘ರ‍್ಯಾಂಕು’ ಎಂದೇ ಕರೆಯುವ ಹುಡುಗಿ. ಮುಂದಿನ ಸರದಿ ಅವಳದೇ. ಕೂದಲು ಸರಿಮಾಡಿಕೊಂಡು ಒಳಗೆ ಹೋದಳು.

ಗಡಿಬಿಡಿ ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಬಾಗಿಲು ತೆರೆಯಿತು. ರ‍್ಯಾಂಕು ಹೊರಗೆ ಬಂದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಗೋಡೆಗೆ ಒರಗಿ ನಿಂತಳು. ಅದೇ ನರ್ಸು ಖಾಲಿ ಟ್ರೇ ಹಿಡಿದು ಅವಳ ಎದುರಿಗೇ ಹಾದುಹೋದಳು, ರ‍್ಯಾಂಕು ತಡೆಯಲಿಲ್ಲ. ಕೈಗಡಿಯಾರದಿಂದ ಕಣ್ಣು ಕೀಳದೆ, ಪಿಸುದನಿಯಲ್ಲಿ ಗಡಿಬಿಡಿಯನ್ನು ಕೇಳಿದಳು:

“ಲೋ, ಎಷ್ಟು ನಿಮಿಷ ಬಿಟ್ಟು ಒಳಗೆ ಹೋಗ್ಬೇಕು?”